ಮೂವತ್ತೊಂದು

ಪೆನ್ನಿಗಿಂತ ತುಸು ದಪ್ಪ, ತುದಿಯಲ್ಲಿ ಎರಡು ಮುಳ್ಳು.
ಅದ್ದಿದರೆ ಅಂಕಿ ಮೇಲೆ ಕೆಳಗೆ ಕುಣಿದು
ಸುಸ್ತಾಗಿ ಒಂದು ಕಡೆ ನಿಲ್ಲುತ್ತದೆ.
ಹೊನ್ನಮ್ಮ ಅಂಬಿಗರ ಬಾವಿಗೆ ಸಾವಿರದ ಎಂಟುನೂರ ನಲವತ್ತು.
ಗಜನಿಯ ಒಡ್ಡು ಒಡೆದ ವರ್ಷದಿಂದ ಹೀಗೇ:
ಭರತಕ್ಕೆ ಅಘನಾಶಿನಿ ಏರಿದರೆ ಬಾವಿಗೂ ಉಸಿರು ಬರುತ್ತದೆ,
ಉಪ್ಪಿನ ಉಸಿರು.

ನನ್ನಪ್ಪ ಸಾಣಿಕಟ್ಟೆಯ ಆಗರದಲ್ಲಿ
ಕಿರುಬೆರಳು ಅದ್ದಿ ನಾಲಗೆಗಿಟ್ಟು
‘ಇನ್ನೆರಡು ಬಿಸಿಲು ಬೇಕು’ ಅನ್ನುತ್ತಿದ್ದ.
ನೀರು ಹೋಗಿ ಉಪ್ಪು ಉಳಿಯಬೇಕಿತ್ತು ಅವನಿಗೆ.
ನನಗೆ ಸಂಬಳ ಕೊಡುವವರಿಗೆ ಉಪ್ಪು ಹೋಗಬೇಕು.
ಕೇಳಿದ್ದರೆ ನಗುತ್ತಿದ್ದನೋ, ಬಯ್ಯುತ್ತಿದ್ದನೋ.

ಕೇರಿಯ ತುದಿಗೆ ನೀಲಿ ತಗಡಿನ ಘಟಕ.
ಐದರ ನಾಣ್ಯ ನುಂಗಿ, ಒಳಗೊಳಗೇ ಗೊಣಗಿ,
ಇಪ್ಪತ್ತು ಲೀಟರು ಬಿಡುತ್ತದೆ.
ಪೊರೆ ಬದಲಿಸಿ ಮೂರು ತಿಂಗಳು. ಒತ್ತಡ ಸರಿ.
ಬೇಡದ ನೀರು ಪೈಪಿನಲ್ಲಿ ಹೋಗಿ ಯಾರದೋ ತೆಂಗಿನ ಬುಡಕ್ಕೆ.
ನಳದ ಕೆಳಗೆ ಲೋಟ ಹಿಡಿದು ಅದ್ದಿದೆ. ಮೂವತ್ತೊಂದು.
ಗೋಡೆಯ ಹಲಗೆಗೆ ತಾರೀಖು ಹಾಕಿ ಬರೆದೆ.

ಹೊನ್ನಮ್ಮನ ಮೊಮ್ಮಗ ಲಿಖಿತ, ಐದನೇ ಇಯತ್ತೆ:
‘ಅಕ್ಕಾ, ಮೂವತ್ತೈದಕ್ಕಲ್ಲವಾ ಪಾಸು?’
‘ಇಲ್ಲಿ ಕಡಿಮೆ ಬಂದವರೇ ಜಾಣರು’ ಅಂದೆ.
ಅವನಿಗೆ ನಗು ಬರಲಿಲ್ಲ. ಬೆಳಗಿನಿಂದ ನಾಲ್ಕು ಸಲ
ಹಿತ್ತಿಲಿಗೆ ಹೋಗಿ ಬಂದ ಮುಖ.
ಪಕ್ಕದ ಮನೆಯ ಕೂಸಿಗೂ ಹಾಗೇ ಅಂತೆ, ಆಚೆ ಮನೆಯಲ್ಲೂ.

ಈ ಕೋಲಿಗೆ ಉಪ್ಪು ಮಾತ್ರ ಕಾಣುತ್ತದೆ,
ಜೀವ ಇರುವಂಥದ್ದು ಕಾಣುವುದಿಲ್ಲ.
ಟ್ರೇನಿಂಗಿನಲ್ಲಿ ಹೇಳಿದ್ದರು. ಊಟದ ಹೊತ್ತಾಗಿತ್ತು.
ಬರೆದುಕೊಂಡಿದ್ದೆ ಕೂಡ.

ಹೊನ್ನಮ್ಮ ಅಂಗಳದಲ್ಲಿ ಬೆಳಚು ತೊಳೆಯುತ್ತಿದ್ದಳು.
ಬುಟ್ಟಿಯದನ್ನೆಲ್ಲ ಬೋಗುಣಿಗೆ ಸುರಿದು
ತನ್ನ ಬಾವಿಯ ನೀರನ್ನೇ ಹೊಯ್ದಳು, ಬೆಳಚಿಗೆ ಅದೇ ಹಿತ.
‘ಚಿಪ್ಪು ನೋಡಿದ್ರೆ ಎಂತ ತಿಳೀತದೆ ತಂಗಿ,
ಒಂದು ರಾತ್ರಿ ಬಿಡ್ಬೇಕು.
ತಿಂದದ್ದೆಲ್ಲ ತಾನೇ ಉಗುಳ್ತದೆ.’

ಚೀಲದ ತಳದಲ್ಲಿ ಎರಡು ಕಿರುಬಾಟಲಿ ಇದ್ದವು,
ಒಳಗೆ ಮಡಿಚಿಟ್ಟ ಕಾಗದದ ಚೂರು,
ಅವಧಿ ಮುಗಿಯಲು ಇನ್ನು ಹನ್ನೊಂದು ದಿನ.
ಒಂದಕ್ಕೆ ಪೊರೆ ದಾಟಿ ಬಿದ್ದ ನೀರು,
ಇನ್ನೊಂದಕ್ಕೆ ಟಾಕಿಯ ನಳದ್ದು.
ಕುದಿಸಿ ಕುಡೀರಿ ಅಂತ ಮನೆಮನೆಗೆ ಹೇಳಿದೆ.
‘ನೀನೇ ಬರೆದೀಯಲ್ಲ ಹಲಗೆ ಮೇಲೆ’ ಅಂದರು.

ಬೆಚ್ಚಗಿರಬೇಕು ಬಾಟಲಿ, ಒಂದು ಹಗಲು ಒಂದು ರಾತ್ರಿ.
ಮಾವಿನಕಾಯಿ ಹಣ್ಣಿಗಿಟ್ಟ ಹಾಗೆ
ಕಗ್ಗದ ಅಕ್ಕಿಯ ಡಬ್ಬದಲ್ಲಿ ಹುಗಿದೆ.
ನಡುರಾತ್ರಿ ಎದ್ದು ಮೊಬೈಲಿನ ಬೆಳಕು ಹಿಡಿದೆ. ಎರಡೂ ತಿಳಿ.
ಮೂರು ಗಂಟೆಗೆ ಮತ್ತೆ.
ಒಂದಕ್ಕೆ ಚಹದ ಬಣ್ಣ ಬಂದಿತ್ತು.
ಯಾವುದೆಂದು ಚೀಟಿ ಓದಲು ತಡವರಿಸಿದೆ,
ಗೊತ್ತಿದ್ದೂ.

ಬೆಳಗಾದಾಗ ಅದು ಕಾಡಿಗೆ.

ಏಣಿ ಹಾಕಿ ಟಾಕಿ ಹತ್ತಿದೆ. ವರ್ಷದಲ್ಲಿ ಮೊದಲ ಸಲ.
ತೆಂಗಿನಕಾಯಿ ಬಿದ್ದು ಮುಚ್ಚಳ ಹೋಳು,
ಕಾಗೆಯ ಪುಕ್ಕ, ಅಂಚಿನುದ್ದಕ್ಕೂ ಹಸಿರು ಲೋಳೆ,
ಕೆಳಗೆ ಮೂವತ್ತೊಂದರ ನೀರು
ಒಂದು ತುಂಡು ಆಕಾಶ ಹಿಡಿದುಕೊಂಡು ಸುಮ್ಮನಿತ್ತು.
ಎಷ್ಟು ಚಂದ ಇತ್ತು ಅಂದರೆ
ಕುಡಿಯಬೇಕು ಅನ್ನಿಸಿತು.

ನಾಣ್ಯದ ಬಾಯಿಗೆ ಟೇಪು ಸುತ್ತಿ,
ಟಾಕಿ ತೊಳೆಯಲು ಬ್ಲೀಚಿಂಗ್ ಪುಡಿ ಕಲೆಸಿಟ್ಟು
ಹಲಗೆ ಒರೆಸಲು ಹೋದರೆ
ಲಿಖಿತ ಮೊದಲೇ ಬಂದು ಹೋಗಿದ್ದ.
ಮೂವತ್ತೊಂದರ ಸುತ್ತ ಕೆಂಪು ಸೀಮೆಸುಣ್ಣದ ಸೊನ್ನೆ,
ಮಾಸ್ತರರು ಹಾಕುವ ಹಾಗೆ,
ಅಡಿಗೆ ಎರಡು ಗೆರೆ.

ಒರೆಸಲಿಲ್ಲ.
ಗೆರೆಯ ಕೆಳಗೆ, ಪಾಲಕರು ಹಾಕುವ ಜಾಗದಲ್ಲಿ,
ನನ್ನ ಸಹಿ ಹಾಕಿದೆ.