ನೀರು ಬೆಳಕಿಗೆ ಹೋದ ದಿನ

ಬಹಿರ್ ದಾರಿನಿಂದ ಮೂವತ್ತು ಕಿಲೋಮೀಟರು ದೂಳು.
ಬಸ್ಸಿನಲ್ಲಿ ಈರುಳ್ಳಿ ಮೂಟೆ, ಕಾಲು ಕಟ್ಟಿದ ಕೋಳಿ,
ನನ್ನ ತೊಡೆಯ ಮೇಲೆ ಯಾರದೋ ಮಗು
ಕ್ಯಾಮೆರಾದ ಪಟ್ಟಿ ಚೀಪುತ್ತ ನಿದ್ದೆ ಹೋಗಿತ್ತು.

ಚೀಟಿ ಹರಿಯುತ್ತ ಮುಲುವಾಲೆಂ ಹೇಳಿದ,
ಸಾಲ ವಸೂಲಿಗೆ ಬಂದವನಿಗೆ ನೆಪ ಹೇಳುವ ದನಿಯಲ್ಲಿ:
"ಇವತ್ತು ನೀರಿಲ್ಲ. ಬೆಳಕಿಗೆ ಹೋಗಿದೆ."

ಮೇಲೆಲ್ಲೋ ಕಾಲುವೆಗೆ ಹೊರಳಿಸಿದ್ದಾರೆ,
ಚಕ್ರ ತಿರುಗಬೇಕು, ಊರಿಗೆ ದೀಪ ಬೇಕು.
ಭಾನುವಾರ ಬಿಟ್ಟರೂ ಬಿಟ್ಟಾರು.
ನನ್ನ ವಿಮಾನ ಶನಿವಾರ.

ನಾನು ಜಲಪಾತಗಳ ಲೆಕ್ಕ ಇಡುವವನು.
ನೀಲಿ ರಟ್ಟಿನ ಪುಸ್ತಕದಲ್ಲಿ ನಲವತ್ತೊಂದು:
ಎತ್ತರ, ಅಗಲ, ಹನಿ ಎಷ್ಟು ದೂರಕ್ಕೆ ಸಿಡಿಯಿತು,
ಸದ್ದು ಎಷ್ಟು ಹೆಜ್ಜೆಯಾಚೆ ಮೊದಲು ಕೇಳಿತು.
ನಲವತ್ತೆರಡನೆಯದರ ಮುಂದೆ ನಿಂತೆ.
ಹೊಗೆಯಾಡುವ ನೀರು ಎಂದು ಹೆಸರು.
ಹೊಗೆ ಏಳುತ್ತಿದ್ದುದು ಒಂದು ಇದ್ದಿಲ ಒಲೆಯಿಂದ.

ಕರಿಬಂಡೆಯ ಉದ್ದಗಲ ಬರಿದು.
ಒಂದು ಮೂಲೆಗೆ ಮಾತ್ರ ನಾಲ್ಕೆಳೆ ನೀರು,
ಮದುವೆ ಮುಗಿದ ಚಪ್ಪರದಲ್ಲಿ ಉಳಿದ ಹಗ್ಗದಂತೆ.
ನೀರು ಬೀಳಬೇಕಾದ ಜಾಗಕ್ಕೆ
ಮೇಕೆಯೊಂದು ಇಳಿದಿತ್ತು, ಯಾರನ್ನೂ ಕೇಳದೆ.

ನನ್ನ ಬೆನ್ನಿನ ಚೀಲ ನೋಡಿ ಮುಲುವಾಲೆಂ ನಕ್ಕ:
"ಅಬ್ಬಾಯ್‌ಗೆ ತಂಗಲು ನೆಲೆಯಿಲ್ಲ, ಆದರೂ
ಮರದ ದಿಮ್ಮಿ ಹೊತ್ತು ತಿರುಗುತ್ತಾನೆ. ನಮ್ಮ ಗಾದೆ."
ತಿರುಗುತ್ತಾನೆ! ನದಿ ಇಲ್ಲಿ ಗಂಡು.
ಹೊಳೆಯನ್ನೆಲ್ಲ ಅವ್ವ ಎಂದು ಕರೆದ ನಾಲಗೆ
ಆ 'ನೆ'ಯ ಮೇಲೆ ಎಡವಿತು.

ಒಲೆಯ ಬಳಿ ಅಸ್ನಾಕೆಚ್ ಕಾಫಿಬೀಜ ಹುರಿಯುತ್ತಿದ್ದಳು.
"ಮೂರನೆಯ ಬಟ್ಟಲು ಕುಡಿಯದೆ ಏಳಬೇಡ."
"ನಿಮ್ಮ ಮನೆಗೆ ಬಂತೆ ಬೆಳಕು?"
"ಕಂಬ ಬಂದಿದೆ."

ಎರಡನೆಯ ಬಟ್ಟಲಿಗೆ ಹೇಳಿದಳು:
ನೀರಿದ್ದಾಗ ನಾವೆಲ್ಲ ಕಿರುಚಿಯೇ ಬದುಕಿದವರು.
ಉಪ್ಪು ಕೇಳಲೂ ಕಿರುಚು, ಸತ್ತವರ ಸುದ್ದಿಗೂ ಕಿರುಚು.
ಅಮ್ಮ ಮಹಾ ಜಗಳಗಂಟಿ ಎಂದೇ ತಿಳಿದಿದ್ದೆ.
ಮೊದಲ ಸಲ ನೀರು ನಿಂತ ಬೆಳಗ್ಗೆ
ಹಸುವಿನ ಕೆಚ್ಚಲು ತೊಳೆಯುತ್ತ ಏನೋ ಅಂದಳು,
ತನ್ನಷ್ಟಕ್ಕೆ, ಹಸುವಿಗೆ.
ಇಷ್ಟು ಮೆತ್ತನೆಯ ದನಿ ಯಾರದೆಂದು
ನಾನು ಹಿಂದೆ ತಿರುಗಿ ನೋಡಿದೆ.

ಮೂರನೆಯ ಬಟ್ಟಲು ಬಂತು. ಯಾರೂ ಮಾತಾಡಲಿಲ್ಲ.
ಮೇಕೆ ಬಂಡೆ ನೆಕ್ಕುವುದು ಕೇಳುತ್ತಿತ್ತು.

ವಾಪಸು ಬಸ್ಸಿನಲ್ಲಿ ಪುಸ್ತಕ ಬಿಚ್ಚಿದೆ.
ಎತ್ತರ: ನಲವತ್ತೈದು ಮೀಟರಂತೆ.
ಅಗಲ: ಮೇಕೆಗೆ ಗೊತ್ತು.
ಸದ್ದು ಎಂಬಲ್ಲಿ ಪೆನ್ನು ತಡೆಯಿತು, ಬಸ್ಸು ಕುಲುಕಿತು,
ಗೀಟೊಂದು ಪುಟದ ಅಂಚು ದಾಟಿ
ಕೆಳಗೆ ಬಿತ್ತು.
ಹಾಗೇ ಬಿಟ್ಟೆ.