ಮಂಗಳವಾರದಲ್ಲೇ ನಿಂತ ಕನ್ನಡಿ

ಕಾಲೇಜಿನ ಹಿಂದೆ, ಹಳೇ ಕೆಮಿಸ್ಟ್ರಿ ಸ್ಟೋರಿನ ಪಕ್ಕ
ಒಂದು ರೂಮು. ಕಿಟಕಿಗೆ ಕಾಗದ ಅಂಟಿಸಿದ್ದಾರೆ.
ಒಳಗೆ ಏಸಿ, ಎರಡು ಪೆಟ್ಟಿಗೆ, ಮುರುಕು ಸ್ಟೂಲು, ನಾನು.
ಮಂಡ್ಯದ ಬಿಸಿಲು ಬಾಗಿಲ ತನಕ ಬಂದು
ಚಪ್ಪಲಿ ಬಿಡುವ ಜಾಗದಲ್ಲಿ ನಿಲ್ಲುತ್ತದೆ.

ಇದಕ್ಕೆ ಕನ್ನಡಿ ಅಂತ ಹೆಸರು.
ಎಲ್ಲೋ ದೂರದಲ್ಲೊಂದು ಮೂಲ; ಅದರ ಮುಖ ಇಲ್ಲಿ ಕಾಣಬೇಕು,
ಅಲ್ಲೊಂದು ಕೂದಲು ನರೆತರೆ ಇಲ್ಲೂ ನರೆಯಬೇಕು.
ಗೋಡೆಯ ಮೊಳೆಗೆ ತೂಗುವ ಕನ್ನಡಿಗೆ ಇದೆಲ್ಲ ಪುಕ್ಕಟೆ.
ನನ್ನದು ನಾಲ್ಕು ಗಂಟೆಗೊಮ್ಮೆ ಎದ್ದು ಹೋಗಿ
ನೋಡಿಕೊಂಡು ಬರಬೇಕು.

ಅದಕ್ಕೂ ಒಂದು ಪದ್ಧತಿ.
ಮೊದಲು ಹೊಸ ಕಡತಗಳು ಬಂದು ಕೂರಲಿ,
ಆಮೇಲೆ ಪಟ್ಟಿ ಬದಲಾಗಲಿ,
ಹಳೆಯದನ್ನು ಅಳಿಸುವುದು ಎಲ್ಲಕ್ಕಿಂತ ಕೊನೆಗೆ.
ಉಣ್ಣುತ್ತ ಕೂತವರ ಎಲೆಯನ್ನು
ಯಾರಾದರೂ ಸಾರಿನ ಹೊತ್ತಿಗೇ ಎತ್ತುತ್ತಾರೆಯೇ?

ವಾಚ್‌ಮನ್ ಬೋರಲಿಂಗಯ್ಯ ಮೊದಲು ನೀರುಗಂಟಿ,
ವಿ.ಸಿ. ನಾಲೆಯ ಮೇಲೆ ಮೂವತ್ತು ವರ್ಷ.
ಒಮ್ಮೆ ಕೇಳಿದ: "ಅದೇನವ್ವ, ರಾತ್ರಿಯೆಲ್ಲ
ಮಿಣಮಿಣ ಅಂತ ಬತ್ತಾನೇ ಇರ್ತದಲ್ಲ?"
ನೀರು ಅಂದೆ. ಮೇಲಿಂದ ಬಿಟ್ಟಿದ್ದಾರೆ, ಇಲ್ಲಿ ತುಂಬಿಕೊಂಡು
ಕೆಳಗಿನ ತೂಬುಗಳಿಗೆ ನಾವು ಬಿಡಬೇಕು.
ತಟ್ಟನೆ ತಿಳಿಯಿತು ಅವನಿಗೆ.
"ಅಂಗಾರೆ ಕೊನೆಭಾಗ್ದೋರು ಬಂದು ಬಯ್ಯೋದೇಯ, ಬುಡಿ."

ಬೈದರು.
ಶುಕ್ರವಾರ ಹನ್ನೊಂದಕ್ಕೆ ಕಿರುಗಾವಲಿನಿಂದ ನವೀದ್.
ಸಣ್ಣ ರಿಪೇರಿ ಅಂಗಡಿ, ಸುತ್ತಲ ಏಳು ಶಾಲೆಯ
ಕಂಪ್ಯೂಟರುಗಳು ಅವನ ಕೈಯಲ್ಲಿ.
"ಮೇಡಂ, ನಿಮ್ಮ ಕನ್ನಡೀಲಿ ಇನ್ನೂ ಮಂಗಳವಾರ."

ಹೌದು. ಮಂಗಳವಾರ ರಾತ್ರಿ ಹತ್ತೂ ಇಪ್ಪತ್ತಕ್ಕೆ ಕರೆಂಟು ಹೋಗಿ
ಯುಪಿಎಸ್ಸು ಆರು ನಿಮಿಷ ಉಸಿರು ಹಿಡಿದು
ಅರ್ಧ ದಾರಿಯ ಕೆಲಸ ಅಲ್ಲೇ ಸತ್ತಿದೆ.
ಸಾಯುವಾಗ, ಒಳಗಿನಿಂದ ಹಾಕಿಕೊಂಡ ಅಗುಳಿ ತೆಗೆದಿಲ್ಲ.
ಆಮೇಲೆ ಮುಂದಿನ ಸರದಿಯವನು ಬಂದಿದ್ದಾನೆ,
ಬಾಗಿಲು ನೋಡಿದ್ದಾನೆ,
ಒಳಗೆ ಯಾರೋ ಇದ್ದಾರೆ, ಕೆಲಸ ನಡೆದಿದೆ
ಅಂದುಕೊಂಡು ಸದ್ದಿಲ್ಲದೆ ವಾಪಸು.
ಹದಿನೈದು ಸಲ.
ಲಾಗಿನಲ್ಲಿ ಹದಿನೈದು ಸಾಲು, ಒಂದೇ ಮಾತು, ದೂರಿಲ್ಲ.
ಸತ್ತವನ ಅಗುಳಿಗೆ ಇಷ್ಟು ಮರ್ಯಾದೆ
ನಮ್ಮ ಆಫೀಸಿನಲ್ಲಿ ಬಿಟ್ಟರೆ ಇಲ್ಲೇ ನೋಡಿದ್ದು.

ತೆಗೆದೆ. ಒಂದಕ್ಷರವೂ ಇಲ್ಲದ ಖಾಲಿ ಕಡತ ಅದು.
ಸಾಲುಗಳು ಓಡತೊಡಗಿದವು.
ಬೋರಲಿಂಗಯ್ಯ ಬಾಗಿಲಲ್ಲಿ ನಿಂತು ಕಿವಿಗೊಟ್ಟ;
ತನಗೆ ಗೊತ್ತಿದ್ದ ಸದ್ದು ಬಾರದೆ
ಬೇಜಾರಾಗಿ ಟೀ ತರಲು ಹೋದ.

ಸಂಜೆ ಐದಕ್ಕೆ ಮೊತ್ತಗಳು ತಾಳೆಯಾದವು.
ನವೀದ್ ಫೋನು ಎತ್ತಲಿಲ್ಲ. ನಮಾಜಿಗೆ ಹೋಗಿರಬೇಕು,
ಅಥವಾ ಬೇರೆ ಕಡೆಯಿಂದ ತಂದುಕೊಂಡಿರಬೇಕು.

ಹೊರಗೆ ಬಂದು ಸ್ಕೂಟರಿನ ಕನ್ನಡಿ ತಿರುಗಿಸಿದೆ.
ರಸ್ತೆ ಇತ್ತು, ಕಬ್ಬಿನ ಲಾರಿ ಇತ್ತು, ಎರಡೂ ಈ ಕ್ಷಣದವು.
ಹಣೆಯ ಕುಂಕುಮ ಬೆಳಗಿನದು,
ಅರ್ಧ ಅಳಿಸಿಹೋಗಿದೆ,
ಹೊಸದು ಬರುವ ಮೊದಲೇ.