ಪಕ್ಕಾ ಬಣ್ಣ

'ಎಲ್ಲಾ ನೀರು ಚೆಲ್ಲಬ್ಯಾಡ' ಅಂದ್ಲು ತುಳಜಕ್ಕ,
'ಅರ್ಧ ಹಳೇದಿರಲಿ, ಅವಕ್ಕ ಗುರುತು ಬೇಕು.'

ಬೆಟಗೇರಿಯ ಹಿತ್ತಲು. ನೂಲು ಅದ್ದುತ್ತಿದ್ದ ತೊಟ್ಟಿ.
ಮಗ್ಗ ನಿಂತ ವರ್ಷ
ತಿಂಗಳುಗಟ್ಟಲೆ ನೆನೆಸಿ, ತೊಳೆದು, ನೆನೆಸಿ
ಮೀನು ಬಿಟ್ಟವಳು.

ಸೋಮವಾರ ಬಂದ ನಳದ ನೀರು
ಬುಧವಾರದ ತನಕ ಕೊಡಗಳಲ್ಲಿ
ಬಾಯಿ ತೆರೆದು ಕೂತಿತ್ತು,
ಔಷಧದ ಘಾಟು ಹೋಗಲೆಂದು.
ಏಳು ಮೀನು ಬಕೆಟ್ಟಿನಲ್ಲಿ,
ಮೇಲೊಂದು ಹಳೇ ಕುಬಸದ ಖಣ:
ಬೆಕ್ಕಿಗೂ ಬಿಸಿಲಿಗೂ ಮರೆ.

ಸೋಪು ಮುಟ್ಟದೆ, ಬರೀ ನಾರಿನಿಂದ
ಪಾಚಿ ಕೆರೆದೆ.
ತಳದಲ್ಲಿ ಅಂಗೈಯಗಲ ಕೆಂಪು.
ತಿಕ್ಕಿದೆ, ತಿಕ್ಕಿದೆ.

'ಬಿಡು, ಅದು ಪಕ್ಕಾ ಬಣ್ಣ.'

ಚೊಂಬು ಚೊಂಬಾಗಿ ನೀರು,
ಆಮೇಲೆ ಮೀನು.
ಅಕ್ಕ ಎಣಿಸಿದಳು: ಆರು.
ಕಣ್ಣೊರೆಸಿಕೊಂಡು ಮತ್ತೊಮ್ಮೆ: ಆರು.

ಏಳನೆಯದು
ಆ ಕೆಂಪಿನ ಮೇಲೆ ನಿಂತಿತ್ತು.